ಕನ್ನಡಕದ ನೆಪ

ಮಿಲ್ ಹಾಸ್ಟೆಲ್, ಪಲ್ಲಡಂ ಹತ್ತಿರ
8 ಜೂನ್ 2025

ಇಂದುಜಾ ಟೀಚರಮ್ಮನಿಗೆ ಪಾಪಾತಿ ಬರೆಯುವ ಕಾಗದ.

ನಾನು ಚೆನ್ನಾಗಿದ್ದೇನೆ, ನೀವೂ ಚೆನ್ನಾಗಿರಬೇಕು. ನೀವು ಕಲಿಸಿದ ಮೊದಲ ಸಾಲು ಬರೆದಾಯಿತು, ಇನ್ನು ನನ್ನ ಮಾತು. ಊರು ಬಿಟ್ಟು ಹೋದವರು ಫೋನ್ ಮಾಡಬಾರದು, ತಿಂಗಳಿಗೊಂದು ಕಾಗದ ಬರೆಯಬೇಕು, ಇಲ್ಲದಿದ್ದರೆ ನಿಮ್ಮ ತರಗತಿಯಲ್ಲಿ ಎರಡು ವರ್ಷ ಅಕ್ಷರ ಕಲಿತದ್ದು ನೀರುಪಾಲು ಎಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದಿರಿ. ಮಿಕ್ಕವರ ಕತೆ ಗೊತ್ತಿಲ್ಲ. ನಾನು ಬರೆಯುತ್ತಿದ್ದೇನೆ.

ಸಿಂಗಾನಲ್ಲೂರಿನಲ್ಲಿ ನಮ್ಮ ಮಗ್ಗ ನಿಂತ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲು ಆಗಲಿಲ್ಲ. ಇಲ್ಲಿ ನೂಲಿನ ಮಿಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ಆಯಾ ಬೇಕೆಂದು ಕೇಳಿ ಬಂದೆ. ಮ್ಯಾನೇಜರ್ ಪೆರಿಯಸಾಮಿ ಓದು ಬರಹ ಬರುತ್ತದೆಯೇ ಎಂದರು. ಬರುತ್ತದೆ ಎಂದೆ, ಸುಳ್ಳಲ್ಲವಲ್ಲ. ಒಂದು ಹಾಳೆ ಕೊಟ್ಟರು. ನನ್ನ ಹೆಸರು, ನಮ್ಮವರು ವೆಲ್ಲಿಂಗಿರಿಯ ಹೆಸರು, ನಮ್ಮ ಬೀದಿ ಎಲ್ಲವನ್ನೂ ಕನ್ನಡದಲ್ಲಿ ದುಂಡಗೆ ಬರೆದೆ. ಅವರು ಹಾಳೆಯನ್ನು ಅತ್ತ ಇತ್ತ ತಿರುಗಿಸಿ ನೋಡಿ, ಕನ್ನಡವನ್ನೇ ಬರೆಯುವವಳಿಗೆ ತಮಿಳು ಬರುತ್ತದೆಯೇ ಎಂದು ಕೇಳುವುದೇನು ಎಂದು ನಕ್ಕರು. ಈ ತಮಿಳು ಸೀಮೆಯಲ್ಲಿ ತಮಿಳು ಅಕ್ಷರ ಬಾರದೆ ಕನ್ನಡ ಅಕ್ಷರ ಮಾತ್ರ ಬರುವ ಪ್ರಾಣಿ ಇರುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ. ಆಯಾ ಕೆಲಸ ನಿನಗೆ ಕಡಿಮೆ ಎಂದು ವಾರ್ಡನ್ ಮಾಡಿಬಿಟ್ಟರು. ನಾನು ಬಾಯಿ ಬಿಡಲಿಲ್ಲ.

ಕವರಿನ ಮೇಲಿನ ವಿಳಾಸ ನನ್ನ ಕೈಬರಹವಲ್ಲ. ಕನ್ನಡಕ ಊರಲ್ಲೇ ಮರೆತು ಬಂದೆ ಎಂದು ಹೇಳಿ ನಿತ್ಯಾ ಎಂಬ ಹುಡುಗಿಯಿಂದ ಬರೆಸಿದೆ. ನನಗೆ ಕನ್ನಡಕವೇ ಇಲ್ಲ ಎಂದು ನಿಮಗೆ ಗೊತ್ತು. ತಮಿಳು ಅಕ್ಷರಗಳನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಕನ್ನಡ ಹಾಕಿ ಕಳಿಸಿ. ಬೇಗ ಕಳಿಸಿದರೆ ಒಳ್ಳೆಯದು.

ಪಾಪಾತಿ


ಪೀಳಮೇಡು
13 ಜೂನ್ 2025

ಪ್ರೀತಿಯ ಪಾಪಾತಿ ಅಕ್ಕನಿಗೆ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಎಲ್ಲರಿಗೂ ತೋರಿಸಿದೆ. ತರಗತಿಯ ಮೊದಲ ದಿನ ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಬಾಗಿಲ ಹತ್ತಿರ ಕುಳಿತವರು ನೀವು. ನಾನು ಹೆಸರು ಕೇಳಿದರೆ ಎದ್ದು ಓಡಲು ತಯಾರಾಗಿದ್ದಿರಿ. ಇವತ್ತು ವಾರ್ಡನ್! ನನಗೆ ಎಷ್ಟು ಸಂತೋಷವಾಗಿದೆ ಎಂದು ಹೇಗೆ ಬರೆಯಲಿ?

ತಮಿಳು ಹಾಳೆ ಈಗ ಬೇಡ ಅಕ್ಕ. ಒಂದು ಲಿಪಿ ಗಟ್ಟಿಯಾಗುವ ಮೊದಲು ಇನ್ನೊಂದನ್ನು ತುರುಕಿದರೆ ದೊಡ್ಡವರಿಗೆ ಎರಡೂ ಕಲಸಿಹೋಗುತ್ತವೆ. ಮನೆಯಲ್ಲಿ ಆಡುವ ಮಾತಿನ ಅಕ್ಷರವೇ ಮೊದಲು ಎಂಬುದು ನನ್ನ ಹಟ, ನಿಮಗೆ ಗೊತ್ತೇ ಇದೆ. ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಕನ್ನಡ ಆಡುತ್ತಾರೆ, ಓದಲು ಒಬ್ಬರಿಗೂ ಬರುವುದಿಲ್ಲ. ನಾನೂ ಮೈಸೂರಿನಲ್ಲಿ ಅತ್ತೆಯ ಮನೆಯಲ್ಲಿದ್ದು ಓದದಿದ್ದರೆ ಹಾಗೇ ಇರುತ್ತಿದ್ದೆ.

ನಿಮಗೆ ಬೇಕಾದದ್ದು ಧೈರ್ಯ. ಯಾರು ಏನು ಕೇಳಿದರೂ 'ನನಗೆ ಗೊತ್ತಿಲ್ಲ' ಎಂಬ ಮಾತು ಬಾಯಿಗೆ ಬರಬಾರದು. ಆ ಒಂದು ಮಾತು ನಿಮ್ಮನ್ನು ಮತ್ತೆ ಬಾಗಿಲ ಹತ್ತಿರ ಕೂರಿಸುತ್ತದೆ. ಬೆನ್ನು ನೆಟ್ಟಗಿಟ್ಟು ನಿಲ್ಲಿ.

ಸೆಪ್ಟೆಂಬರಿನಲ್ಲಿ ಇಲ್ಲಿ ನಮ್ಮ ವಾರ್ಷಿಕ ಕಾರ್ಯಕ್ರಮ. ಕಲಿತವರ ಪರವಾಗಿ ನೀವೇ ಮಾತಾಡಬೇಕು. ನಿಮ್ಮ ಹೆಸರು ಕೊಟ್ಟಾಗಿದೆ.

ನಿಮ್ಮ,
ಇಂದುಜಾ


ಮಿಲ್ ಹಾಸ್ಟೆಲ್
3 ಜುಲೈ 2025

ಟೀಚರಮ್ಮನಿಗೆ,

ನಿಮ್ಮ ಕಾಗದ ಬಂತು. ತಮಿಳು ಹಾಳೆ ಒಳಗೆ ಅಂಟಿಕೊಂಡಿದೆಯೇನೋ ಎಂದು ಕವರನ್ನು ಕೊಡವಿ ನೋಡಿದೆ. ಇರಲಿಲ್ಲ.

ಹೋದ ಸಲ ಒಂದು ವಿಷಯ ಬಿಟ್ಟಿದ್ದೆ. ವಾರ್ಡನ್ ಎಂದರೆ ಗೇಟಿಗೆ ಬೀಗ ಹಾಕುವುದು ತೆಗೆಯುವುದು ಅಷ್ಟೇ ಎಂದುಕೊಂಡಿದ್ದೆ. ಇಲ್ಲಿ ಒಂದು ಔಷಧದ ಬೀರು ಇದೆ. ನರ್ಸಮ್ಮ ಬುಧವಾರ ಮಾತ್ರ ಬರುತ್ತಾರೆ. ಮಿಕ್ಕ ದಿನ ಅದರ ಬೀಗದ ಕೈ ನನ್ನ ಸೊಂಟದಲ್ಲಿ. ಶಿಫ್ಟಿಗೆ ಮುಂಚೆ ಹುಡುಗಿಯರು ಸಾಲಾಗಿ ನಿಲ್ಲುತ್ತಾರೆ. ಜ್ವರ ಎಂದವಳಿಗೆ ಒಂದು ಮಾತ್ರೆ, ಮೈಕೈ ನೋವು ಎಂದವಳಿಗೆ ಬೇರೆ, ನೆಗಡಿ ಎಂದವಳಿಗೆ ಬೇರೆ. ಯಾವ ಡಬ್ಬಿಯಲ್ಲಿ ಯಾವುದು ಎಂದು ನರ್ಸಮ್ಮ ತಮಿಳಿನಲ್ಲಿ ಚೀಟಿ ಅಂಟಿಸಿದ್ದಾರೆ. ನಾನು ಮುಚ್ಚಳದ ಬಣ್ಣ ನೋಡಿ ಕೊಡುತ್ತೇನೆ. ಕೆಂಪು ಜ್ವರಕ್ಕೆ, ಹಸಿರು ನೋವಿಗೆ, ಹಳದಿ ನೆಗಡಿಗೆ. ಹಳೆ ವಾರ್ಡನ್ ಹೋಗುವಾಗ ಬಾಯಲ್ಲಿ ಹೇಳಿದ್ದನ್ನು ನೂಲಿನ ಬಣ್ಣ ನೆನಪಿಟ್ಟ ಹಾಗೆ ಇಟ್ಟುಕೊಂಡಿದ್ದೇನೆ.

ಧರಣಿ ಎಂದು ಒಬ್ಬಳಿದ್ದಾಳೆ, ಉಡುಮಲೈ ಕಡೆಯವಳು, ಅವರ ಮನೆಯಲ್ಲೂ ನಮ್ಮ ಕನ್ನಡವೇ. ಅವಳಿಗೆ ನೋವಿನ ಮಾತ್ರೆ ಆಗುವುದಿಲ್ಲ. ಚಿಕ್ಕವಳಿದ್ದಾಗ ಗೊತ್ತಿಲ್ಲದೆ ಕೊಟ್ಟು, ಗಂಟಲು ಊದಿ, ಉಸಿರು ನಿಂತೇ ಹೋಗುತ್ತಿತ್ತಂತೆ. "ಅಕ್ಕಾ, ಹಸ್ರು ಡಬ್ಬಿ ಮಾತ್ರ ನಂಗ ಬ್ಯಾಡ" ಎಂದು ನಗುತ್ತಾ ಹೇಳುತ್ತಾಳೆ. ಅವಳು ನಗುತ್ತಾಳೆ, ನಾನು ಮುಚ್ಚಳದ ಬಣ್ಣವನ್ನು ಇನ್ನೊಮ್ಮೆ ನೋಡುತ್ತೇನೆ. ಬೀರು ತೆಗೆಯುವಾಗಲೆಲ್ಲ ಕೈ ಬೆವರುತ್ತದೆ. ಬಣ್ಣ ಸರಿ ಎಂದು ಗೊತ್ತಿದ್ದರೂ ಬೆವರುತ್ತದೆ.

ಇನ್ನೊಂದು ಕೇಳಿ. ಪಾಪ, ನಿತ್ಯಾ ಹೋಗಿ ಮ್ಯಾನೇಜರಿಗೆ ಅಕ್ಕನ ಬಳಿ ಕನ್ನಡಕವಿಲ್ಲ ಎಂದಿದ್ದಾಳೆ. ಮಿಲ್ಲಿನಲ್ಲಿ ಕಣ್ಣಿನ ಕ್ಯಾಂಪ್ ನಡೆಯಿತು. ನನ್ನನ್ನೂ ಕೂರಿಸಿ ಹೊಸ ಕನ್ನಡಕ ಹಾಕಿಸಿಬಿಟ್ಟರು. ಈಗ ತಮಿಳು ಅಕ್ಷರದ ಸುಳಿಗಳೆಲ್ಲ ದೊಡ್ಡದಾಗಿ ಕಾಣುತ್ತವೆ, ಏನೆಂದು ಮಾತ್ರ ತಿಳಿಯುವುದಿಲ್ಲ. ಇನ್ನು ಯಾವ ನೆಪ ಹೇಳಲಿ? ಈ ಕವರಿಗೆ ವಿಳಾಸ ಬರೆಸಲು ಕೈ ಸುಟ್ಟಿದೆ ಎಂದು ಬಟ್ಟೆ ಸುತ್ತಿಕೊಂಡೆ.

ಹಾಳೆ ಕಳಿಸಿ.

ಪಾಪಾತಿ


ಪೀಳಮೇಡು
9 ಜುಲೈ 2025

ಪ್ರೀತಿಯ ಅಕ್ಕ,

ಹೊಸ ಕನ್ನಡಕಕ್ಕೆ ಅಭಿನಂದನೆ! ಹಾಕಿಕೊಂಡು ಒಂದು ಫೋಟೋ ತೆಗೆಸಿ ಇಟ್ಟಿರಿ, ಕಾರ್ಯಕ್ರಮದ ಬ್ಯಾನರಿಗೆ ಬೇಕಾಗುತ್ತದೆ. ಬಟ್ಟೆ ಸುತ್ತಿಕೊಂಡ ಸಂಗತಿ ಓದಿ ಒಬ್ಬಳೇ ಕುಳಿತು ನಕ್ಕೆ.

ಕೈ ಬೆವರುವುದಕ್ಕೆ ಹೆದರಬೇಡಿ. ನನ್ನ ತರಗತಿಯಲ್ಲಿ ಬಳಪ ಹಿಡಿದವರೆಲ್ಲರ ಕೈ ಬೆವರುತ್ತದೆ. ದೊಡ್ಡವರಿಗೆ ಕಲಿಯುವುದು ಕಷ್ಟವಲ್ಲ, ತಪ್ಪು ಮಾಡುವಾಗ ಯಾರಾದರೂ ನೋಡಿಬಿಟ್ಟರೆ ಎಂಬುದೇ ಕಷ್ಟ. ನಿಮ್ಮದು ಆ ಹಳೆಯ ಹೆದರಿಕೆ. ಅದು ಇದೆ ಎಂದ ಮಾತ್ರಕ್ಕೆ ಅಪಾಯವಿದೆ ಎಂದಲ್ಲ. ಬಣ್ಣ ನೋಡಿ ಗುರುತಿಸುವುದೂ ಒಂದು ಬಗೆಯ ಓದೇ ಅಕ್ಕ. ಈ ಮಾತನ್ನು ನಮ್ಮ ಮೀಟಿಂಗಿನಲ್ಲಿ ಹೇಳಿದೆ. ಚಪ್ಪಾಳೆ ತಟ್ಟಿದರು.

ತಮಿಳು ಹಾಳೆಯನ್ನು ಸೆಪ್ಟೆಂಬರ್ ಮುಗಿದ ಮೇಲೆ ನಾನೇ ತಂದು ಕೊಡುತ್ತೇನೆ, ಕೂತು ಕಲಿಸುತ್ತೇನೆ. ಅಲ್ಲಿಯವರೆಗೆ ಕನ್ನಡದಲ್ಲೇ ಬರೆಯುತ್ತಿರಿ. ನಿಮ್ಮ ಅಕ್ಷರ ಎಷ್ಟು ಚೆಂದವಾಗಿದೆ ಗೊತ್ತೇ?

ಇಂದುಜಾ


ಮಿಲ್ ಹಾಸ್ಟೆಲ್
1 ಆಗಸ್ಟ್ 2025

ಟೀಚರಮ್ಮ,

ಚೆನ್ನಾಗಿದ್ದೇನೆ ಎಂಬ ಸಾಲನ್ನು ಈ ಸಲ ಬರೆಯುವುದಿಲ್ಲ.

ಹೋದ ವಾರ ನರ್ಸಮ್ಮ ಹಳೆ ಡಬ್ಬಿಗಳನ್ನೆಲ್ಲ ಎಸೆದು ಹೊಸವನ್ನು ತಂದಿಟ್ಟರು. ಮೂರೂ ಬಿಳಿ. ಮುಚ್ಚಳವೂ ಬಿಳಿ. ಒಳಗಿನ ಮಾತ್ರೆಯ ತುಂಡುಗಳೆಲ್ಲ ಒಂದೇ ಬೆಳ್ಳಿ ಕಾಗದದವು. ಚೀಟಿ ಮಾತ್ರ ಬೇರೆ ಬೇರೆ, ದಪ್ಪ ಅಕ್ಷರದಲ್ಲಿ, ನನ್ನಂಥ ಕನ್ನಡಕದವರಿಗೆ ಅನುಕೂಲವಾಗಲಿ ಎಂದು. ಹಳೆಯ ಕ್ರಮದಲ್ಲೇ ಇಟ್ಟಿರುತ್ತಾರೆ ಎಂದು ನಂಬಿದೆ.

ಮಾರನೆಯ ದಿನ ನಿತ್ಯಾ ಸೊಂಟ ನೋವು ಎಂದಳು. ನಡುವಿನ ಡಬ್ಬಿಯಿಂದ ಕೊಟ್ಟೆ. ಅದು ನೆಗಡಿಯದ್ದು, ತೂಕಡಿಕೆ ಬರಿಸುವಂಥದ್ದು. ಅವಳು ಮೆಷಿನ್ ಮುಂದೆ ನಿಂತಲ್ಲೇ ತೂಗಿ ಮುಂದಕ್ಕೆ ಬಾಗಿದಳಂತೆ. ಕತ್ತಿನ ಶಾಲಿನ ತುದಿ ಮೆಷಿನ್ನಿಗೆ ಸಿಕ್ಕಿಕೊಂಡಿತು. ಪಕ್ಕದವಳು ನೋಡಿ ಸ್ವಿಚ್ ಆರಿಸಿದಳು. ಕತ್ತಿನ ಸುತ್ತ ಕೆಂಪಗೆ ಗೆರೆ ಎದ್ದಿದೆ. ನೆಗಡಿ ಎಂದು ಬೇರೆ ಡಬ್ಬಿಯಿಂದ ತೆಗೆದುಕೊಂಡಿದ್ದವಳು ಇನ್ನೂ ಮೂಗು ಸೋರುತ್ತದೆ, ನಿದ್ದೆಯೂ ಬರಲಿಲ್ಲ ಎಂದು ಮತ್ತೆ ಬಂದಾಗಲೇ ನನಗೆ ಗೊತ್ತಾದದ್ದು. ಅಲ್ಲಿಯವರೆಗೆ ನಾನೂ ಎಲ್ಲರ ಹಾಗೆ ಅಯ್ಯೋ ಪಾಪ ಎನ್ನುತ್ತಿದ್ದೆ.

ರಾತ್ರಿಯೆಲ್ಲ ಫೋನ್ ನೋಡಿ ಮೆಷಿನ್ ಮುಂದೆ ನಿದ್ದೆ ಮಾಡುತ್ತೀಯಾ ಎಂದು ಮ್ಯಾನೇಜರ್ ನಿತ್ಯಾಳನ್ನು ಎಲ್ಲರ ಎದುರು ಬೈದರು. ನಾನು ಅಲ್ಲೇ ಇದ್ದೆ. ನೀವು ಹೇಳಿಕೊಟ್ಟ ಹಾಗೆ ಬೆನ್ನು ನೆಟ್ಟಗಿಟ್ಟು ನಿಂತಿದ್ದೆ. ನನಗೆ ಗೊತ್ತಿಲ್ಲ ಎಂಬ ಮಾತು ಬಾಯಿಗೆ ಬರಲೇ ಇಲ್ಲ.

ಈ ಬುಧವಾರ ನರ್ಸಮ್ಮನನ್ನು ಕೇಳಿಬಿಡೋಣ ಎಂದು ಹತ್ತಿರ ಹೋದೆ. ಕನ್ನಡಕ ನಿಮಗೆ ಚೆನ್ನಾಗಿ ಒಪ್ಪುತ್ತದೆ ಅಕ್ಕ ಎಂದು ಅವರೇ ಮೊದಲು ಹೇಳಿದರು. ನಕ್ಕು ಬಂದುಬಿಟ್ಟೆ.

ನಡುವಿನದು ನೆಗಡಿಯದ್ದು. ಸರಿ. ಮಿಕ್ಕ ಎರಡರಲ್ಲಿ ಜ್ವರದ್ದು ಯಾವುದು, ನೋವಿನದು ಯಾವುದು? ಈ ವಾರ ಜ್ವರ ಎಂದು ಬಂದವರಿಗೆಲ್ಲ ಬಿಸಿನೀರು ಕುಡಿ, ಮಲಗು, ನಾಳೆ ನೋಡೋಣ ಎಂದು ಕಳಿಸಿದ್ದೇನೆ. ಇವತ್ತು ಮಧ್ಯಾಹ್ನ ಧರಣಿ ಊಟಕ್ಕೆ ಬರಲಿಲ್ಲ. ಹೋಗಿ ಹಣೆ ಮುಟ್ಟಿದೆ, ಸುಡುತ್ತಿತ್ತು. ನಾಳೆ ಅವಳು ಸಾಲಿನಲ್ಲಿ ನಿಂತರೆ ಏನು ಹೇಳಲಿ? ನನ್ನ ಫೋನ್ ಕೆಟ್ಟು ಕುಳಿತಿದೆ, ಆಫೀಸಿನ ಫೋನಿನಲ್ಲಿ ಎಲ್ಲರ ಎದುರು ಇದನ್ನು ಕೇಳುವುದು ಹೇಗೆ? ನನಗೆ ಭಯವಾಗುತ್ತಿದೆ ಟೀಚರಮ್ಮ. ಇದು ನೀವು ಹೇಳಿದ ಹಳೆಯ ಭಯವಲ್ಲ.

ವಿಳಾಸ ಬರೆದುಕೊಡು ಎಂದು ನಿತ್ಯಾಳನ್ನು ಕೇಳುವ ಮುಖ ನನಗಿಲ್ಲ. ನಿಮ್ಮ ಕವರಿನ ಹಿಂದೆ ಇದ್ದ ನಿಮ್ಮ ವಿಳಾಸವನ್ನೇ ಕತ್ತರಿಸಿ ಅಂಟಿಸಿದ್ದೇನೆ.

ಪಾಪಾತಿ


ಪೀಳಮೇಡು
5 ಆಗಸ್ಟ್ 2025

ಅಕ್ಕ,

ಕವರಿನ ಮೇಲೆ ನನ್ನದೇ ಬರಹ ಅಂಟಿಸಿದ್ದು ನೋಡಿ ನಿಂತಲ್ಲೇ ಒಡೆದು ಓದಿದೆ. 

ಕೆಟ್ಟಿದೆ ಎಂದು ಗೊತ್ತಿದ್ದೂ ನಿಮ್ಮ ಫೋನಿಗೆ ಮಾಡಿದೆ, ಸ್ವಿಚ್ ಆಫ್. ಹಾಸ್ಟೆಲ್ ಆಫೀಸಿಗೆ ಮಾಡಿದೆ. ಪೆರಿಯಸಾಮಿ ಅವರೇ ಎತ್ತಿದರು. ಯಾರು, ಯಾರು ಎಂದು ಕೇಳಿದರು. ನಾನು ಏನೂ ಹೇಳದೆ ಇಟ್ಟುಬಿಟ್ಟೆ. ಹೇಳಿದರೆ ನಿಮ್ಮ ಕೆಲಸ ಹೋಗುತ್ತದೆ ಎಂದು ಇಟ್ಟೆ ಎಂದುಕೊಂಡಿದ್ದೇನೆ. ಅಷ್ಟೇ ಅಲ್ಲ. ಇಷ್ಟು ದಿನ ನಿಮಗೆ ಹೇಳದ ಒಂದು ಮಾತಿದೆ. ಕೊಯಮತ್ತೂರಿನಲ್ಲಿ ಕನ್ನಡ ಅಕ್ಷರ ಕಲಿಸಿ ಯಾರಿಗೆ ಏನು ಉಪಯೋಗ ಎಂದು ನಮ್ಮ ತರಗತಿಗೆ ಹಣ ಕೊಡುವವರು ಕೇಳುತ್ತಿದ್ದಾರೆ. ಸೆಪ್ಟೆಂಬರ್ ಕಾರ್ಯಕ್ರಮ ನೋಡಿ ತರಗತಿ ಮುಚ್ಚುವುದೋ ಬೇಡವೋ ಎಂದು ಹೇಳುತ್ತಾರೆ. ಅವರಿಗೆ ಕೊಡಲು ನನ್ನ ಬಳಿ ಇದ್ದ ಒಂದೇ ಉತ್ತರ ನೀವು. ಕನ್ನಡ ಕಲಿತು ವಾರ್ಡನ್ ಆದವರು. ನಿಮಗೆ ತಮಿಳು ಹಾಳೆ ಕಳಿಸಿದರೆ ಆ ಉತ್ತರ ಸುಳ್ಳಾಗುತ್ತದೆ ಎಂದು ನನ್ನ ಮನಸ್ಸಿನ ಮೂಲೆಯಲ್ಲಿ ಇತ್ತು.

ಇದರ ಜೊತೆ ಹಾಳೆ ಇಟ್ಟಿದ್ದೇನೆ. ಮೊದಲು ಮೇಲಿನ ಮೂರು ಮಾತು ನೋಡಿ. ಜ್ವರ, ನೋವು, ನೆಗಡಿಗೆ ತಮಿಳಿನಲ್ಲಿ ಏನು ಬರೆಯುತ್ತಾರೋ ಅದು, ಪಕ್ಕದಲ್ಲಿ ಕನ್ನಡ. ಚೀಟಿಯ ಪಕ್ಕ ಹಿಡಿದು ಹೋಲಿಸಿ. ಅಲ್ಲಿಯವರೆಗೆ ಯಾರಿಗೂ ಮಾತ್ರೆ ಕೊಡಬೇಡಿ. ನಿಮಗೇ ಮೈ ಹುಷಾರಿಲ್ಲ ಎಂದು ಮಲಗಿಬಿಡಿ. ನಾನು ಭಾನುವಾರ ಬರುತ್ತೇನೆ. ಬರುವವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡಿ.

ಧರಣಿ ಹೇಗಿದ್ದಾಳೆ? ಈ ಕಾಗದ ತಲುಪುವ ಹೊತ್ತಿಗೆ ಅವಳು ಹೇಗಿರುತ್ತಾಳೆ ಎಂದು ಯೋಚಿಸಲೂ ನನಗೆ ಹೆದರಿಕೆ.

ಇಂದುಜಾ


ಮಿಲ್ ಹಾಸ್ಟೆಲ್
7 ಆಗಸ್ಟ್ 2025

ಟೀಚರಮ್ಮನಿಗೆ,

ನಿಮ್ಮ ಕಾಗದ ಇವತ್ತು ಬಂತು. ಧರಣಿ ಚೆನ್ನಾಗಿದ್ದಾಳೆ. ಅದನ್ನು ಮೊದಲು ಓದಿಕೊಳ್ಳಿ, ಆಮೇಲೆ ಮಿಕ್ಕದ್ದು.

ನಾನು ಬರೆದ ಮಾರನೆಯ ಬೆಳಿಗ್ಗೆಯೇ ಅವಳು ಸಾಲಿಗೆ ಬಂದಳು. ನಿಲ್ಲಲೂ ತ್ರಾಣವಿಲ್ಲ. ನಿತ್ಯಾ ತೋಳು ಹಿಡಿದು ಕರೆತಂದಿದ್ದಳು. ಹಿಂದೆ ಇನ್ನೂ ಅಷ್ಟು ಜನ, ಶಿಫ್ಟಿನ ಬೆಲ್ ಆಗುವ ಹೊತ್ತು, ಬೇಗ ಅಕ್ಕಾ ಎನ್ನುತ್ತಿದ್ದರು. ಎರಡು ಡಬ್ಬಿ ತೆಗೆದೆ, ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು. ಮೊದಲಿನ ಕ್ರಮದಲ್ಲಿದ್ದರೆ ಬಲಗೈಯದ್ದು ಜ್ವರದ್ದು. ನಡುವಿನದು ಕ್ರಮ ತಪ್ಪಿತ್ತಲ್ಲ, ಹಾಗಾದರೆ ಇದು? ಆಗಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಯಾವ ನೆಪ ಹೇಳಲಿ ಎಂದೇ. ಅಷ್ಟರಲ್ಲಿ ಧರಣಿ ಕಣ್ಣು ಮುಚ್ಚಿ ಬಾಯಿ ತೆರೆದಳು. ನನ್ನ ಕೈಯಿಂದ ಬಂದದ್ದು ಏನಾದರೂ ಸರಿಯೇ ಎಂದು, ಮಗು ತೆರೆದ ಹಾಗೆ.

ಅವಳ ಬಾಯಿಯ ಹತ್ತಿರ ಹೋಗಿದ್ದ ಬಲಗೈಯನ್ನು ಅಲ್ಲೇ ತಡೆದೆ. "ಧರಣಿ, ನಂಗ ತಮಿಳ್ ಓದಕ್ಕ ಬರಾದಿಲ್ಲ ಕಂದ. ನೀನೇ ಓದಿ ತಗೋ" ಎಂದೆ.

ಅವಳು ಕಣ್ಣು ಬಿಟ್ಟಳು. ಕನ್ನಡದಲ್ಲಿ ಹೇಳಿದ್ದರಿಂದ ಹಿಂದಿನವರಿಗೆ ಅರ್ಥವಾಗಲಿಲ್ಲ. ಏನಂತೆ, ಏನಂತೆ ಎಂದು ಕೇಳಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿತ್ಯಾಳ ಕತ್ತು ನೋಡಿದೆ. ಎಲ್ಲರಿಗೂ ಕೇಳುವ ಹಾಗೆ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದೆ. "ಎನಕ್ಕು ತಮಿಳ್ ಪಡಿಕ್ಕ ತೆರಿಯಾದು."

 ನಿತ್ಯಾ ಎರಡು ಡಬ್ಬಿಯನ್ನೂ ಕೈಯಿಂದ ತೆಗೆದುಕೊಂಡು ಓದಿದಳು. ಧರಣಿಯ ಬಾಯಿಯ ಹತ್ತಿರ ಹೋಗಿದ್ದ ಬಲಗೈಯ ಡಬ್ಬಿ ನೋವಿನದು. ನಿತ್ಯಾ ನನ್ನ ಮುಖ ನೋಡಿದಳು. ಆಮೇಲೆ ಕತ್ತು ಮುಟ್ಟಿಕೊಂಡಳು. ನಾನು ಹೌದು ಎಂದು ತಲೆ ಆಡಿಸಿದೆ. ಅವಳೇ ಇನ್ನೊಂದು ಡಬ್ಬಿಯಿಂದ ಧರಣಿಗೆ ಜ್ವರದ ಮಾತ್ರೆ ಕೊಟ್ಟಳು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಬೆನ್ನು ನೆಟ್ಟಗೆ ನಿಲ್ಲಲಿಲ್ಲ.

ಓದು ಬಲ್ಲ ಹುಡುಗಿಯರ ಸಾಲೇ ನನ್ನ ಮುಂದೆ ದಿನಾ ನಿಂತಿತ್ತು ಟೀಚರಮ್ಮ. ಅಲ್ಲಿದ್ದ ಯಾರನ್ನು ಕೇಳಿದ್ದರೂ ಓದಿ ಹೇಳುತ್ತಿದ್ದರು.

ಮ್ಯಾನೇಜರ್ ಬೀಗದ ಕೈ ತೆಗೆದುಕೊಂಡರು. ನಿತ್ಯಾಳ ತಪ್ಪೇನೂ ಇಲ್ಲ, ತಪ್ಪು ನನ್ನದು ಎಂದು ಅವರಿಗೂ ಹೇಳಿದೆ. ಮೊದಲೇ ಹೇಳಬಾರದಿತ್ತಾ ಎಂದು ಕೂಗಿದರು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ ಎಂದೆ. ಮನೆಗೆ ಕಳಿಸುತ್ತಾರೆ ಎಂದುಕೊಂಡಿದ್ದೆ, ಅಡುಗೆಮನೆಗೆ ಹಾಕಿದ್ದಾರೆ. ಇಲ್ಲಿ ತಪ್ಪು ಓದಿದರೆ ಸಾಂಬಾರು ಸಿಹಿಯಾಗುತ್ತದೆ, ಅಷ್ಟೇ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಹಾಳೆ ಕಳಿಸದಿದ್ದಕ್ಕಿಂತ ಹೆಚ್ಚಾಗಿ, ಯಾರ ಹತ್ತಿರವೂ ಬಾಯಿ ಬಿಡಬೇಡಿ ಎಂದು ಬರೆದದ್ದಕ್ಕೆ. ಆ ಮಾತನ್ನು ನನ್ನ ಹೆದರಿಕೆ ನನಗೆ ದಿನಾ ಹೇಳುತ್ತಿತ್ತು. ನೀವೂ ಹೇಳಬೇಕಿರಲಿಲ್ಲ. ಭಾನುವಾರ ಬರಬೇಡಿ.

ಈ ಕವರಿಗೂ ನಿಮ್ಮ ವಿಳಾಸವನ್ನು ಕತ್ತರಿಸಿ ಅಂಟಿಸಿದ್ದೇನೆ.

ಪಾಪಾತಿ


ಪೀಳಮೇಡು
18 ಆಗಸ್ಟ್ 2025

ಅಕ್ಕ,

ನೀವು ಬೇಡ ಎಂದಿರಿ, ಬರಲಿಲ್ಲ. ನಿಮ್ಮ ಕಾಗದವನ್ನು ಒಂದು ಗಂಟೆ ಒಡೆಯದೆ ಇಟ್ಟುಕೊಂಡಿದ್ದೆ. ಧರಣಿಯ ಹೆಸರು ಮೊದಲ ಸಾಲಿನಲ್ಲೇ ಬರೆದದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ.

ಹಣ ಕೊಡುವವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಹೇಳುವಾಗ ನನ್ನ ಕೈಯೂ ಬೆವರಿತು. ಅವರು ಟೀ ಕುಡಿದು ಎದ್ದು ಹೋದರು. ತರಗತಿ ಇರುತ್ತದೋ ಇಲ್ಲವೋ ಗೊತ್ತಿಲ್ಲ.

ನಿಮ್ಮ ಬೀದಿಯ ಸಾಂತಿ ಹೊಸದಾಗಿ ಸೇರಿದ್ದಾರೆ. ನಿಮ್ಮ ಹಾಗೇ ಬಾಗಿಲ ಹತ್ತಿರ ಕೂರುತ್ತಾರೆ. ಏನು ಓದಬೇಕು ಅಕ್ಕ ಎಂದು ಕೇಳಿದೆ. ನೋಡಿ, ಇಷ್ಟು ವರ್ಷ ಯಾರನ್ನೂ ಹೀಗೆ ಕೇಳಿರಲಿಲ್ಲ. ಬಸ್ಸಿನ ಬೋರ್ಡು, ಮಗಳ ಶಾಲೆಯಿಂದ ಬರುವ ಚೀಟಿ ಎಂದರು. ಎರಡೂ ತಮಿಳು. ಅವರಿಗೆ ತಮಿಳಿನಿಂದಲೇ ಶುರುಮಾಡಿದ್ದೇನೆ. ಕನ್ನಡವೂ ಬೇಕಂತೆ, ನಿಧಾನಕ್ಕೆ.

ಕಾರ್ಯಕ್ರಮಕ್ಕೆ ಬರುತ್ತೀರಾ? ಬ್ಯಾನರ್ ಇರುವುದಿಲ್ಲ. ಬೇರೇನೂ ಬೇಡ, ಆ ಸಾಲಿನ ಮುಂದೆ ಹೇಳಿದ್ದನ್ನು ಹೇಳಿ. ಬರಲು ಮನಸ್ಸಿಲ್ಲದಿದ್ದರೆ ಅದನ್ನೂ ಬರೆದು ತಿಳಿಸಿ. ನಾನು ಕಾಯುತ್ತಿರುತ್ತೇನೆ.

ಇಂದುಜಾ


ಮಿಲ್ ಹಾಸ್ಟೆಲ್, ಅಡುಗೆಮನೆ
30 ಆಗಸ್ಟ್ 2025

ಟೀಚರಮ್ಮನಿಗೆ,

ನಾನು ಚೆನ್ನಾಗಿದ್ದೇನೆ, ನೀವೂ ಚೆನ್ನಾಗಿರಬೇಕು.

ನಿತ್ಯಾ ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ತಟ್ಟೆ ಹಿಡಿದು ಬರುತ್ತಾಳೆ, ಬಡಿಸಿಕೊಂಡು ಹೋಗುತ್ತಾಳೆ. ಅವಳ ಶಾಲು ಕಂಡಾಗಲೆಲ್ಲ ನನ್ನ ಕೈಯ ಸೌಟು ನಿಲ್ಲುತ್ತದೆ. ಆ ಹೆದರಿಕೆ ಹೋಗಿಲ್ಲ, ಹೋಗುವುದೂ ಬೇಡ.

ಧರಣಿ ಶಿಫ್ಟ್ ಮುಗಿಸಿ ಬಂದು ನನಗೆ ಪಾಠ ಹೇಳುತ್ತಾಳೆ. ಪರಾತದಲ್ಲಿ ಹಿಟ್ಟು ಹರಡಿ ಬೆರಳಿನಿಂದ ಬರೆಯುತ್ತಾಳೆ. ತುಂಬಾ ಕೋಪದ ಟೀಚರು, ನಿಮ್ಮ ಹಾಗೆ ಹೊಗಳುವುದೇ ಇಲ್ಲ. ತಪ್ಪಾದರೆ ಅಂಗೈಯಿಂದ ಅಳಿಸಿ ಮತ್ತೆ ಬರೆಯಕ್ಕಾ ಎನ್ನುತ್ತಾಳೆ. ನೀವು ಕಳಿಸಿದ ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಅದರಲ್ಲಿ ಕನ್ನಡವೂ ಇದೆಯಲ್ಲ, ಅವಳಿಗೆ ಅದನ್ನು ನಾನು ಹೇಳಿಕೊಡುತ್ತೇನೆ. ಅವಳು ಬೇಗ ಕಲಿಯುತ್ತಾಳೆ, ನನಗೆ ಹೊಟ್ಟೆಕಿಚ್ಚು.

ಕಾರ್ಯಕ್ರಮಕ್ಕೆ ಬರುತ್ತೇನೆ. ಬಸ್ಸಿನ ಬೋರ್ಡನ್ನು ನಾನೇ ಓದಿ ಹತ್ತಬೇಕು ಎಂದಿದ್ದೇನೆ. ತಪ್ಪು ಬಸ್ಸಾದರೆ ಕಂಡಕ್ಟರನ್ನು ಕೇಳಿ ಇಳಿಯುತ್ತೇನೆ. ಕೇಳುವುದು ಈಗ ನನಗೆ ಬರುತ್ತದೆ.

ಸಿಟ್ಟು ಅರ್ಧ ಹೋಗಿದೆ. ಇನ್ನರ್ಧವನ್ನು ಎದುರಿಗೆ ಬಂದು ಹೇಳುತ್ತೇನೆ.

ಈ ಕವರಿನ ಮೇಲಿನ ವಿಳಾಸ ನನ್ನದೇ ಕೈಬರಹ. ಯಾರಿಗೂ ತೋರಿಸಿಲ್ಲ, ಧರಣಿಗೂ. ಪೀಳಮೇಡು ಎಂದು ಬರೆಯುವಾಗ ಪೆನ್ನು ಒತ್ತಿ ಹಿಡಿದು ಒಂದು ಕಡೆ ಇಂಕು ಹರಡಿದೆ. ಇದು ನಿಮ್ಮ ಕೈ ಸೇರಿದರೆ ನಾನು ಸರಿಯಾಗಿ ಬರೆದಿದ್ದೇನೆ ಎಂದು ತಿಳಿಯಿರಿ. ಸೇರದಿದ್ದರೆ ಹೆದರಬೇಡಿ, ಯಾರನ್ನಾದರೂ ಕೇಳಿ ತಿದ್ದಿ ಬರೆಯುತ್ತೇನೆ.

ಪಾಪಾತಿ